ಮೇ ತಿಂಗಳಲ್ಲಿ ಎಚ್ಚರವಾದ ಹುಡುಗಿ

ಬೇಸಿಗೆಯಲ್ಲಿ ಕಪ್ಪೆ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ವಿಜ್ಞಾನಿಗೆ ತಲೆ ಕೆಡಿಸಿಕೊಳ್ಳಬೇಕು ಅನಿಸಿತು. ಪುಣ್ಯಾತ್ಮ, ಬೇರೆ ಕೆಲಸ ಇರಲಿಲ್ಲವೇನೋ! ಕೆರೆ ಬತ್ತಿದಾಗ ಕಪ್ಪೆ ಕೆಸರಿನೊಳಗೆ ಹೂತುಕೊಳ್ಳುತ್ತದೆ, ಎದೆಬಡಿತ ಇಳಿಸಿಕೊಳ್ಳುತ್ತದೆ, ಅನ್ನ ನೀರು ಕೇಳದೆ ಮೊದಲ ಮಳೆಯವರೆಗೆ ಮಲಗಿಬಿಡುತ್ತದೆ. ಅದನ್ನು ಮಲಗಿಸುವ ರಸ ಯಾವುದೆಂದು ಆತ ಕಂಡುಹಿಡಿದ. ಇಲಿಗೆ ಚುಚ್ಚಿದ, ಇಲಿ ಮಲಗಿತು. ಕುರಿಗೆ ಚುಚ್ಚಿದ, ಕುರಿ ಮಲಗಿತು. ಆಮೇಲೆ ನಮ್ಮ ಮಕ್ಕಳ ಪಾಳಿ ಬಂತು.

ಅದಕ್ಕಿಟ್ಟ ಹೆಸರು ಕೇಳಿದರೆ ಕೈ ಮುಗಿಯಬೇಕು ಅನಿಸುತ್ತದೆ: ಪರಿಸರಸ್ನೇಹಿ ಬೇಸಿಗೆ ರಜೆ. ಪರೀಕ್ಷೆ ಮುಗಿದ ಮರುದಿನ ಓಣಿಗೆ ಹಸಿರು ಬಸ್ಸು ಬರುತ್ತದೆ. ಮಕ್ಕಳನ್ನು ಊರ ಹೊರಗಿನ ನೆಲಮಾಳಿಗೆಯ ಶಯನ ಕೇಂದ್ರಕ್ಕೆ ಒಯ್ದು, ಚುಚ್ಚಿ, ಸಾಲಾಗಿ ಮಲಗಿಸುತ್ತಾರೆ. ಜೂನ್ ಮಳೆ ಬಿದ್ದ ಮೇಲೆ ಎಬ್ಬಿಸಿ ಕಳಿಸುತ್ತಾರೆ. ಮಲಗಿದ ಮಗುವಿಗೆ ಫ್ಯಾನು ಬೇಡ, ಪ್ರವಾಸ ಬೇಡ, ಐಸ್‌ಕ್ರೀಮು ಬೇಡ. ನೀರಂತೂ ತೊಟ್ಟು ತೊಟ್ಟು ಸಾಕು. ಭೂಮಿತಾಯಿಗೆ ಎಷ್ಟು ಹಗುರ ನೋಡಿ! ದೊಡ್ಡವರಿಗೆ ಈ ಭಾಗ್ಯವಿಲ್ಲ, ನಮ್ಮ ಹೃದಯ ಒಮ್ಮೆ ನಿಧಾನವಾದರೆ ಮತ್ತೆ ವೇಗ ಹಿಡಿಯುವುದಿಲ್ಲವಂತೆ. ಹಾಗಾಗಿ ನಾವು ಎಚ್ಚರವಿದ್ದು ಬೇಯುತ್ತೇವೆ.

ನಮ್ಮ ಊರು ಗುಳೇದಗುಡ್ಡ. ನಾನು ಕಸ್ತೂರಿ, ಅದೇ ಶಯನ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕೂತು ದೀಪ ಕಾಯುವವಳು. ಒಂದು ಹಾಸಿಗೆಗೆ ಒಂದು ದೀಪ. ಮೈ ತಣ್ಣಗಿದ್ದರೆ ನೀಲಿ, ಬಿಸಿಯೇರಿದರೆ ಹಳದಿ. ಎಬ್ಬಿಸುವ ದಿನಕ್ಕೆ ಮೊದಲೇ ಹಳದಿಯಾದ ದೀಪವನ್ನು ನಾನು ತರಬೇತಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ನನ್ನ ಗಂಡ ಮಲ್ಲೇಶಿ ಮಗ್ಗದ ಮೆಕ್ಯಾನಿಕ್. ಬೇಸಿಗೆಯಲ್ಲಿ ಮಗ್ಗಗಳಿಗೆ ಕರೆಂಟು ಕೊಡುವುದಿಲ್ಲವಾದ್ದರಿಂದ ಅವನು ಮಾರ್ಚ್ ಬಂತೆಂದರೆ ಘಟ್ಟದ ಮೇಲಿನ ಹಿಮಧಾಮ ಎಂಬ ವಿಹಾರಕ್ಕೆ ದುಡಿಯಲು ಹೋಗುತ್ತಾನೆ. ಅಲ್ಲಿ ಹಿಮದಂತೆ ಬರ್ಫ ಉದುರಿಸುವ ಯಂತ್ರಗಳಿವೆ. ಮಗಳು ಭಾಗಿ ಆಗ ನಾಲ್ಕನೆಯ ತರಗತಿಯಲ್ಲಿದ್ದಳು. ಹುಟ್ಟಿದ ಮೇಲೆ ಅವಳು ಒಂದು ಮಾವಿನ ಹಣ್ಣನ್ನೂ ಗಿಡದಿಂದ ಬಿದ್ದ ದಿನ ತಿಂದವಳಲ್ಲ.

ದೀಪಾವಳಿಯ ಹೊತ್ತಿಗೆ ಅತ್ತೆ ನಮ್ಮಲ್ಲಿಗೆ ಬಂದರು. ಅಲ್ಲಿಯವರೆಗೆ ಮೈದುನನ ಮನೆಯಲ್ಲಿದ್ದವರು. ಎದೆಬೇನೆ ಜೋರಾಗಿತ್ತು, ದವಾಖಾನೆ ಹತ್ತಿರವಿರಲಿ ಎಂದು ಕರೆತಂದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು ಇನ್ನೊಂದು ಬೇಸಿಗೆ ಕಂಡರೆ ಹೆಚ್ಚು ಎಂದರು. ಅತ್ತೆಗೆ ಅದನ್ನು ನಾನು ಹೇಳಲೇ ಇಲ್ಲ, ಅವರಿಗೆ ತಾನಾಗಿಯೇ ಗೊತ್ತಿತ್ತು.

ಒಂದು ಸಂಜೆ ಭಾಗಿ ಅವರ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದಳು. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುವುದು.

"ಆಯಿ, ಮೊದ್ಲ ಬ್ಯಾಸಿಗಿ ಸೂಟಿ ಬಿಟ್ರ ಏನ್ ಮಾಡ್ತಿದ್ರಿ?"

"ಏನ್ ಮಾಡೂದು? ಬಿಸಲಾಗ ಕುಣದ ಕುಣದ ಕರ್ರಗ ಆಗೂದು, ಬೈಸ್ಕೊಳ್ಳೂದು. ಮಾಳಗಿ ಮ್ಯಾಲ ಹೆಣ್ಮಕ್ಳು ಶ್ಯಾವಿಗಿ ಹೊಸದ್ರ ನಾವು ಕೋಲ್ ಹಿಡ್ಕೊಂಡ್ ಒಣಗಸಾಕ ಓಡೂದು. ಅರ್ಧಾ ಶ್ಯಾವಿಗಿ ಹಗ್ಗಕ್ಕ, ಅರ್ಧಾ ನಮ್ಮ ಹೊಟ್ಟಿಗೆ."

"ಹಸೀದ ತಿಂತಿದ್ರೀ?"

"ಹಸೀದಽ ರುಚಿ, ಹುಚ್ಚಿ!"

ಆಮೇಲೆ ಅತ್ತೆ ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು, "ಯವ್ವಾ ಕಸ್ತೂರಿ, ಈ ಒಂದ ಸೂಟಿ ಕೂಸಿನ್ನ ಮಲಗಸಬ್ಯಾಡ. ನನಗ ಮುಂದಿನ ಬ್ಯಾಸಿಗಿ ಇಲ್ಲ. ಅದರ ಕೈಗೆ ಶ್ಯಾವಿಗಿ ಹೊಸಿಯೂ ಮಣಿ ಕೊಟ್ಟ್ ಹೋಗ್ತೀನಿ," ಎಂದರು. ಅತ್ತೆ ನನ್ನಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು.

ನಾನು ಕೇಂದ್ರದ ನಿರ್ದೇಶಕಿ ಡಾ. ವಿಭಾವರಿಯವರ ಕೋಣೆಗೆ ಹೋದೆ. ಕೆಟ್ಟ ಹೆಂಗಸಲ್ಲ, ಅದೇ ಸಮಸ್ಯೆ. ಕೂರಿಸಿದರು, ಪೂರ್ತಿ ಕೇಳಿದರು, ಕಣ್ಣಲ್ಲಿ ನೀರನ್ನೂ ತಂದುಕೊಂಡರು.

"ಕಸ್ತೂರಿ, ನನಗೆ ಅರ್ಥ ಆಗುತ್ತೆ. ಆದರೆ ನಮ್ಮ ಸಿಬ್ಬಂದಿಯ ಮಗುವೇ ಎಚ್ಚರ ಇದ್ದರೆ ಊರವರಿಗೆ ನಾವು ಏನು ಹೇಳೋದು? ಶಾಲೆಯಿಂದಲೂ ಹೆಸರು ತೆಗೀತಾರೆ. ಎಲ್ಲರೂ ಸ್ವಲ್ಪ ತ್ಯಾಗ ಮಾಡಿದರೆ ತಾನೇ ಭೂಮಿ ಉಳಿಯೋದು?"

"ನಿಮ್ಮ ಮಗ ಮಲಗ್ತಾನೇನ್ರಿ ಮೇಡಂ?"

"ಅವನಿಗೆ ನಾವು ಹಸಿರು ಪರಿಹಾರ ಕಟ್ಟಿದೀವಿ," ಎಂದರು, ಮುಖ ಸ್ವಲ್ಪವೂ ಕೆಂಪಾಗದೆ. ಪರಿಹಾರದ ಹಣ ಕಟ್ಟಿದವರ ಮಕ್ಕಳು ಮಲಗದೆ ಹಿಮಧಾಮಕ್ಕೆ ಹೋಗಬಹುದು. ಅವರ ಪಾಲಿನ ಪುಣ್ಯವನ್ನು ನಮ್ಮ ಮಕ್ಕಳು ಮಲಗಿ ಗಳಿಸಿಕೊಡುತ್ತಾರೆ.

ಬಸ್ಸು ಬಂದ ಬೆಳಿಗ್ಗೆ ಭಾಗಿಗೆ ಎರಡು ಜಡೆ ಹಾಕಿದೆ. ಹಿಂದಿನ ಮಧ್ಯಾಹ್ನದಿಂದ ಅವಳ ಬಾಯಿಗೆ ಏನೂ ಹಾಕಿರಲಿಲ್ಲ. ಸಿಹಿಯಂತೂ ಮುಟ್ಟಿಸಲೇಬಾರದು. ರಕ್ತದಲ್ಲಿ ಸಕ್ಕರೆ ಏರಿದ್ದರೆ ಮದ್ದು ಅರೆಬರೆ ಹಿಡಿದು, ನಡುವೆಯೇ ಕೈಬಿಡುತ್ತದೆ. ಹಾಗೆ ಎದ್ದ ಮಗುವಿಗೆ ಅದೇ ಬೇಸಿಗೆಯಲ್ಲಿ ಮತ್ತೆ ಚುಚ್ಚಿದರೆ ಎದೆ ನಿಂತುಹೋಗುತ್ತದೆ. ಇದನ್ನೆಲ್ಲ ಅತ್ತೆಗೆ ನಾನೇ ಬಿಡಿಸಿ ಹೇಳಿದ್ದೆ. ಹೂಂ ಹೂಂ ಎಂದು ಕೇಳಿದ್ದರು. ಬಸ್ಸು ಹಾರ್ನು ಹೊಡೆಯಿತು. ಅತ್ತೆ ಹೊಸ್ತಿಲಲ್ಲಿ ನಿಂತು ಮೊಮ್ಮಗಳ ಗಲ್ಲ ಸವರಿದರು, ಕೈ ಹಿಡಿದರು, ಕಿವಿಯಲ್ಲಿ ಏನೋ ಅಂದರು. ಮುದ್ದು ಮಾಡುತ್ತಿದ್ದಾರೆ ಅಂದುಕೊಂಡೆ. ನಾನು ಅವಳ ಚಪ್ಪಲಿ ಹುಡುಕುತ್ತಿದ್ದೆ.

ಮೇ ತಿಂಗಳ ನಡುವೆ, ಊರು ರೊಟ್ಟಿಯ ಹಂಚಿನ ಹಾಗೆ ಕಾದಿದ್ದ ಒಂದು ಮಧ್ಯಾಹ್ನ, ನನ್ನ ಕಣ್ಣೆದುರಿನ ಫಲಕದಲ್ಲಿ ಒಂದು ದೀಪ ಹಳದಿಯಾಯಿತು. ಯಾವ ಹಾಸಿಗೆ ಎಂದು ನೋಡುವ ಅಗತ್ಯವೇ ನನಗಿರಲಿಲ್ಲ, ದಿನವೂ ಮೊದಲು ನೋಡುತ್ತಿದ್ದದ್ದು ಅದನ್ನೇ. ಓಡಿದೆ. ನೂರಾರು ತಣ್ಣನೆಯ ಮಕ್ಕಳ ನಡುವೆ ನನ್ನ ಮಗಳು ಎದ್ದು ಕೂತು ಕಣ್ಣು ತಿಕ್ಕಿಕೊಳ್ಳುತ್ತಿದ್ದಳು.

"ಅವ್ವಾ, ಮಳಿ ಬಂತೇನು?"

ಅವಳನ್ನು ಬಾಚಿ ತಬ್ಬಿಕೊಂಡೆ. ಖುಷಿಯಾಗಿತ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ? ಹೆದರಿಕೆ ಆಮೇಲೆ ಬಂತು.

ಡಾ. ವಿಭಾವರಿ ಬಂದರು, ರಕ್ತ ಪರೀಕ್ಷೆಯಾಯಿತು. "ಹೊರಡೋ ದಿನ ಏನು ತಿಂದೆ ಪುಟ್ಟಿ?" ಎಂದು ಕೇಳಿದರು.

"ಏನೂ ತಿಂದಿಲ್ರಿ. ಆಯಿ ಬೆಲ್ಲ ಕೊಟ್ಟಿದ್ಲು, ಅಷ್ಟ."

ಮನೆಗೆ ಕರೆತಂದು ಅತ್ತೆಯನ್ನು ಕೇಳಿದೆ. ಅವರು ಮೊಮ್ಮಗಳನ್ನು ತಬ್ಬಿಕೊಂಡು ನನ್ನನ್ನೇ ವಿಚಿತ್ರವಾಗಿ ನೋಡಿದರು. "ನೀ ಹೇಳಿದ್ದು ತಿನ್ನಸಬ್ಯಾಡ ಅಂತ. ಬೆಲ್ಲ ತಿನ್ನಸೂದನ? ಊರಿಗೆ ಹೊಂಟವ್ರ ಕೈಯಾಗ ಬೆಲ್ಲ ಇಡಲಾರ್ದ ಹೆಂಗ ಕಳಸ್ತಾರ? ನನ್ನ ಮಗ ದುಡಿಯಾಕ ಹೋಗುವಾಗೂ ಇಟ್ಟೇನಿ. ಬರೇ ಬಾಯಿಲೆ ಮನಿ ಬಿಟ್ಟವ್ರು ತಿರುಗಿ ಬರಂಗಿಲ್ಲ." ಅವರ ಪಾಲಿಗೆ ಅದು ಊಟದ ಲೆಕ್ಕದಲ್ಲಿ ಇರಲೇ ಇಲ್ಲ. ನಾನು ಯಾವ ಬಾಯಿಂದ ಬೈಯಲಿ? ಮಗಳು ತಿರುಗಿ ಬಂದಿದ್ದಳಲ್ಲ.

ಆದರೆ ನಲ್ಲಿಗೆ ಇದು ಗೊತ್ತಾಗಬೇಕಲ್ಲ. ಬೇಸಿಗೆಯಲ್ಲಿ ನಮ್ಮ ನಲ್ಲಿಗಳು ಎಚ್ಚರವಿದ್ದವರ ತಲೆಗೊಂದು ಪಾಲಿನಂತೆ ನೀರು ಬಿಡುತ್ತವೆ. ನಮ್ಮ ಮನೆಗೆ ಎರಡು ಪಾಲು, ನನ್ನದು ಮತ್ತು ಅತ್ತೆಯದು. ಬಾಯಿಗೂ ಅಡುಗೆಗೂ ಸಾಲುವಷ್ಟೇ, ಹನಿ ಹೆಚ್ಚಿಲ್ಲ. ಮರುದಿನವೇ ಭಾಗಿಯ ಪಾಲು ಕೇಳಲು ಮೇಡಂ ಹತ್ತಿರ ಹೋದೆ. ಅವರು ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ನಿಜಕ್ಕೂ ಸೋತುಹೋದರು.

"ಮೇ ತಿಂಗಳಲ್ಲಿ ಎಚ್ಚರ ಇರೋ ಮಗು ಅನ್ನೋದೇ ಇದರಲ್ಲಿ ಇಲ್ಲ ಕಸ್ತೂರಿ. ಇಲ್ಲಿ ಅವಳು ಮಲಗಿದಾಳೆ ಅಂತಲೇ ಇದೆ. ಅವಳ ಪಾಲು ಏಪ್ರಿಲ್‌ನಲ್ಲೇ ಮೇಲಕ್ಕೆ ಹಂಚಿಕೆ ಆಗಿಹೋಗಿದೆ."

"ಮ್ಯಾಲ ಅಂದ್ರ ಎಲ್ಲಿಗ್ರೀ?"

ಉತ್ತರ ಸಂಜೆ ಮಲ್ಲೇಶಿಯ ಫೋನಿನಲ್ಲಿ ತಾನಾಗಿಯೇ ಬಂತು. "ಈ ವರ್ಷ ಇಲ್ಲಿ ಎರಡು ಮಷೀನ್ ಜಾಸ್ತಿ ಮಾಡ್ಯಾರ. ಕೊಳವಿಗೆ ಬಾಯಿ ಹಚ್ಚಿ ಕುಡಿಯೂವಂಥಾ ನೀರಲೇ, ಅದನ್ನ ಬರ್ಫ ಮಾಡಿ ಉಗ್ಗಾಕ ಹತ್ತೀನಿ. ಹುಡುಗ್ರು ಒಬ್ಬರ ಮ್ಯಾಲ ಒಬ್ಬರು ಒಗದ್ಯಾಡ್ತಾವ," ಎಂದ. ಮಗಳು ಎದ್ದ ಸುದ್ದಿ ಹೇಳಿದಾಗ, "ನಾ ಬಿಟ್ಟ್ ಬರ್ಲೇನು?" ಎಂದು ಕೇಳಿದ. ನಡುವೆ ಬಿಟ್ಟು ಬಂದರೆ ಮುಂದಿನ ವರ್ಷ ಕೆಲಸವಿಲ್ಲ. ನಾನೇ ಬೇಡ ಅಂದೆ, ಜೂನಿಗೆ ಎಷ್ಟು ದಿನ ಉಳಿದಿವೆ ಮಹಾ ಅಂದೆ.

ಓಣಿಯಲ್ಲಿ ಸುದ್ದಿ ಹಬ್ಬಿತು. ಬೇಸಿಗೆಯಲ್ಲಿ ಎಚ್ಚರವಿರುವ ಮಗುವನ್ನು ನೋಡಲು ಹೆಂಗಸರು ಒಬ್ಬೊಬ್ಬರಾಗಿ ಬಂದರು. ಸುಮ್ಮನೆ ಬಾಗಿಲಲ್ಲಿ ಕೂತು ಅವಳು ಒಂಟಿಕಾಲಲ್ಲಿ ಕುಂಟುತ್ತ ಕುಂಟಲಪಿ ಆಡುವುದನ್ನು ನೋಡುತ್ತಿದ್ದರು. ಪಕ್ಕದ ಮನೆಯ ಚಾಂದಬಿಯ ಇಬ್ಬರು ಮಕ್ಕಳೂ ನೆಲಮಾಳಿಗೆಯಲ್ಲಿದ್ದರು. ಅವಳು ಭಾಗಿಯ ತಲೆ ಸವರಿ, ಸೆರಗಿನಡಿಯಿಂದ ಅರ್ಧ ಲೋಟ ನೀರು ತೆಗೆದು ಕುಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಕಸ್ತೂರಕ್ಕಾ, ಸಿಟ್ಟ್ ಮಾಡ್ಕೋಬ್ಯಾಡ. ನಿನ್ ಮಗಳ ನಕ್ರ ನನ್ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗ್ತೈತಿ," ಎಂದಳು. ಹೇಳಿ ಅತ್ತಳು. ಆದರೂ ಮರುದಿನ ಮತ್ತೆ ಬಂದಳು, ಮತ್ತೆ ಅರ್ಧ ಲೋಟ ತಂದಳು.

ಅತ್ತೆಗೆ ಮಾತ್ರ ಹತ್ತು ವರ್ಷ ಇಳಿದಂತಾಗಿತ್ತು. ಎದೆ ಹಿಡಿದುಕೊಂಡೇ ಮಾಳಿಗೆ ಹತ್ತಿದರು. ಚಾಪೆಯ ನೆರಳು ಕಟ್ಟಿಸಿ, ಗೋಡೆಗೆ ಒರಗಿಸಿ ಶ್ಯಾವಿಗೆ ಮಣೆ ಹಾಕಿಸಿದರು. ಹಿಟ್ಟು ನಾದಲು ನೀರು ಎಲ್ಲಿಂದ ಬಂತೆಂದು ನಾನು ಕೇಳಿದೆ. "ನನ್ನ ಪಾಲಿಂದ ಉಳದಿತ್ತು. ಮುದುಕರಿಗೆ ಎಷ್ಟ ಬೇಕಾಗ್ತೈತಿ?" ಎಂದರು. ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ಅವಳ ಅಂಗೈ ಮೇಲೆ ತಮ್ಮ ಅಂಗೈಯಿಟ್ಟು ಹೊಸೆದರು. ಮೊದಲು ಹಗ್ಗದಷ್ಟು ದಪ್ಪ ಬಂತು, ಅಜ್ಜಿ ಮೊಮ್ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಸಂಜೆಯ ಹೊತ್ತಿಗೆ ಎಳೆ ಸಣ್ಣಗಾಗತೊಡಗಿತ್ತು. ಭಾಗಿ ಕೋಲಿನಲ್ಲಿ ಎತ್ತಿಕೊಂಡು ಹಗ್ಗದವರೆಗೆ ಓಡುವಾಗ ಕಾಲು ಜಾರಿ ಬಿದ್ದು ಮೊಣಕಾಲು ತರಚಿಕೊಂಡಳು. ಅಳಲಿಲ್ಲ, ರಕ್ತವನ್ನು ನನಗೆ ಹೆಮ್ಮೆಯಿಂದ ತೋರಿಸಿದಳು. ಆ ವಾರ ನಮ್ಮ ಮನೆಯಲ್ಲಿ ನಿಜವಾಗಿಯೂ ಬೇಸಿಗೆ ಸೂಟಿ ಇತ್ತು. ನೆನೆದರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ, ಮರುಕ್ಷಣವೇ ಉರಿಯುತ್ತದೆ.

ನನ್ನ ಪಾಲಿನ ನೀರಿನಲ್ಲಿ ನಾನು ಭಾಗಿಗೆ ತೆಗೆದಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಬಂದು ಅತ್ತೆಯನ್ನು ಕೇಳುತ್ತಿದ್ದೆ: "ನೀವು ಕುಡದ್ರೇನ್ರೀ?" ತಂಬಿಗೆ ಬೋರಲು ಹಾಕಿ ತೋರಿಸುತ್ತಿದ್ದರು, "ನೋಡ್, ಖಾಲಿ. ಹೊಟ್ಟಿ ತುಂಬ ಕುಡದೇನಿ." ತಂಬಿಗೆ ಖಾಲಿಯಿರುತ್ತಿತ್ತು ನಿಜ. ಅವರ ತುಟಿ ಒಡೆದದ್ದನ್ನು ಬಿಸಿಲಿಗೆ ಅಂದುಕೊಂಡೆ. ಊರಲ್ಲಿ ಯಾರ ತುಟಿ ಒಡೆದಿರಲಿಲ್ಲ?

ಮಳೆ ಇನ್ನೇನು ಬರಬೇಕು ಅನ್ನುವಾಗ ಒಂದು ಮಧ್ಯಾಹ್ನ ಚಾಂದಬಿ ಕೇಂದ್ರಕ್ಕೆ ಫೋನು ಮಾಡಿದಳು. ನಾನು ಮನೆ ಮುಟ್ಟುವಷ್ಟರಲ್ಲಿ ಅತ್ತೆ ಮಾಳಿಗೆಯ ಮೇಲೆ, ಮಣೆಯ ಪಕ್ಕದಲ್ಲಿ, ಗೋಡೆಗೆ ಆತು ಕೂತ ಹಾಗೆಯೇ ಹೋಗಿಬಿಟ್ಟಿದ್ದರು. ಕೈಗೆ ಹಿಟ್ಟು ಮೆತ್ತಿತ್ತು. ಎದೆಬೇನೆ ಇರಬೇಕು ಎಂದುಕೊಂಡು ಡಾಕ್ಟರನ್ನು ಕರೆಸಿದೆ. ಅವರು ಕಣ್ಣು ನೋಡಿದರು, ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಚರ್ಮ ಹಾಗೆಯೇ ನಿಂತಿತು.

"ಎದೆ ಅಲ್ಲಮ್ಮ," ಎಂದರು. "ಇವರು ಎಷ್ಟು ದಿನದಿಂದ ನೀರು ಕುಡಿದಿಲ್ಲ?"

ಭಾಗಿ ಮೂಲೆಯಲ್ಲಿ ನಿಂತಿದ್ದಳು. ಅವಳು ಆವತ್ತು ಅಳಲಿಲ್ಲ, ಮೊಣಕಾಲಿನ ಗಾಯದ ಹಕ್ಕಳೆಯನ್ನು ಕಿತ್ತುಕೊಳ್ಳುತ್ತಿದ್ದಳು. ಮಣ್ಣು ಮಾಡಿ ಬಂದ ಮೇಲೆ ನನಗೊಬ್ಬಳಿಗೇ ಹೇಳಿದಳು: "ಆಯಿ ಬರೇ ತುಟಿ ಹಸಿ ಮಾಡ್ಕೊಂತಿದ್ಲವ್ವಾ. ಉಳದದ್ದು ನನಗ ಕುಡಸ್ತಿದ್ಲು. ನಿಮ್ಮವ್ವಗ ಹೇಳಿದ್ರ ಶ್ಯಾವಿಗಿ ಕಲಸಂಗಿಲ್ಲ ಅಂತಿದ್ಲು. ನನಗ ಭಾಳ ನೀರಡಿಕಿ ಆಗಿತ್ತು." ಅವಳನ್ನು ಎದೆಗೆ ಅವುಚಿಕೊಂಡೆ. ನಿನ್ನ ತಪ್ಪಲ್ಲ, ನಿನ್ನ ತಪ್ಪಲ್ಲ ಎಂದು ಗಂಟಲು ಹರಿಯುವ ಹಾಗೆ ಹೇಳಿದೆ. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಮಲ್ಲೇಶಿ ಬಂದಾಗ ಮಣ್ಣು ಮುಗಿದಿತ್ತು. ಅವನ ಅಂಗೈಗಳು ಚಳಿಗೆ ಬಿರಿದು ಬೆರಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಇಡೀ ಊರು ಬೆವರಿನಲ್ಲಿ ನೆನೆಯುತ್ತಿದ್ದಾಗ ಅವನೊಬ್ಬನಿಗೆ ನೆಗಡಿ. ತಾಯಿ ಹೇಗೆ ಹೋದಳೆಂದು ಕೇಳಿ ತಿಳಿದ ಮೇಲೆ ಆ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ಕೂತ. ಎಷ್ಟು ಕರೆದರೂ ಊಟಕ್ಕೆ ಕೈ ಮುಂದೆ ಮಾಡಲಿಲ್ಲ.

ಅದೇ ವಾರ ಮಳೆ ಬಂತು. ಮಕ್ಕಳನ್ನೆಲ್ಲ ಎಬ್ಬಿಸಿ ಕಳಿಸಿದರು. ಓಣಿ ತುಂಬ ಬಿಳಿಚಿಕೊಂಡ ಮುಖಗಳು, ಒಂದು ಗೀರೂ ಇಲ್ಲದ ಮೊಣಕಾಲುಗಳು.

ಇಷ್ಟಕ್ಕೇ ಮುಗಿಯಲಿಲ್ಲ. ಪರಿಸರ ದಿನದಂದು ಶಾಲೆಯ ಮೈದಾನದಲ್ಲಿ ಪೆಂಡಾಲು ಹಾಕಿ, ಬೇಸಿಗೆ ರಜೆಯನ್ನು ಅತ್ಯಂತ ಪರಿಸರಸ್ನೇಹಿಯಾಗಿ ಆಚರಿಸಿದ ಮನೆಗೆ ಬಹುಮಾನ ಎಂದರು. ನಮ್ಮ ಹೆಸರು ಕೂಗಿದರು! ಯಾಕೆ ಅಂತೀರಿ? ಅತ್ತೆ ಹೋದ ದಿನವೇ ಅವರ ಪಾಲು ನಿಂತಿತ್ತು, ಮಗಳು ಮಲಗಿದ್ದಾಳೆ ಎಂದೇ ಇತ್ತು, ಗಂಡ ಊರಲ್ಲಿರಲಿಲ್ಲ. ಮನೆಯ ತಲೆಗಳ ಲೆಕ್ಕಕ್ಕೆ ಇಡೀ ಊರಿನಲ್ಲಿ ನಮ್ಮಷ್ಟು ಕಡಿಮೆ ನೀರು ಬಳಸಿದ ಮನೆ ಇನ್ನೊಂದಿರಲಿಲ್ಲವಂತೆ. ಯಂತ್ರ ಆರಿಸಿತ್ತು, ಯಾರೂ ತಿರುಗಿ ನೋಡಿರಲಿಲ್ಲ.

ಡಾ. ವಿಭಾವರಿ ವೇದಿಕೆಯ ಮೇಲೆ ನನ್ನ ಮುಖ ಕಂಡ ಮೇಲಷ್ಟೇ ಬಿಳಿಚಿಕೊಂಡರು. ಆದರೂ ಚಪ್ಪಾಳೆ ಶುರುವಾಗಿತ್ತು. ಬಹುಮಾನವೆಂದರೆ ಹಿಮಧಾಮದಲ್ಲಿ ಇಡೀ ಕುಟುಂಬಕ್ಕೆ ಎರಡು ದಿನದ ವಾಸ್ತವ್ಯ, ಜೊತೆಗೆ ಒಂದು ಬೇವಿನ ಸಸಿ. ಮುಂದಿನ ಸಾಲಿನಲ್ಲಿ ಮೇಡಂ ಅವರ ಮಗ ಕೂತಿದ್ದ, ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು, ಮೊಣಕಾಲಲ್ಲಿ ದೊಡ್ಡ ಹಕ್ಕಳೆ. ಆ ಮೈದಾನದಲ್ಲಿ ಹಕ್ಕಳೆಯಿದ್ದ ಮಕ್ಕಳು ಇಬ್ಬರೇ, ಅವನು ಮತ್ತು ನನ್ನ ಭಾಗಿ.

ಸಸಿಯನ್ನು ತಿರುಗಿ ಅವರ ಕೈಗಿಟ್ಟೆ. "ಇದಕ್ಕ ನೀರ ಎಲ್ಲಿಂದ ಹಾಕ್ಲಿ ಮೇಡಂ? ನಮ್ಮ ಮನ್ಯಾಗ ಇನ್ನೊಬ್ಬ ಮುದುಕಿ ಇಲ್ಲ," ಎಂದೆ. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು. ಆಮೇಲೆ ನಿರೂಪಕ ಮುಂದಿನ ಕಾರ್ಯಕ್ರಮ ಮಕ್ಕಳ ನೃತ್ಯ ಎಂದ.

ವರ್ಷ ತಿರುಗಿತು. ಕೇಂದ್ರದ ಕೆಲಸವನ್ನು ನಾನು ಬಿಡಲಿಲ್ಲ. ಬಿಟ್ಟರೆ ಆ ದೀಪ ಕಾಯುವವರು ಯಾರು? ಮಲ್ಲೇಶಿ ಮಾತ್ರ ಘಟ್ಟಕ್ಕೆ ಹೋಗಲಾರೆ ಅಂದ, ಅರ್ಧ ಕೂಲಿಗೆ ಊರಲ್ಲೇ ಉಳಿದ. ಈ ಬೇಸಿಗೆಗೆ ನಾವಿಬ್ಬರೂ ಕೂಡಿ ಒಂದು ನಿರ್ಧಾರ ಮಾಡಿದ್ದೆವು. ಮಗಳು ನಡುವೆ ಎದ್ದು ಬರಲಿ, ನಮ್ಮ ಎರಡು ಪಾಲಿನಲ್ಲಿ ಮೂವರು ಹೇಗೋ ನೀಗಿಸೋಣ, ಅತ್ತೆಯ ಮಣೆ ಮಾಳಿಗೆಯ ಮೇಲೆ ಸುಮ್ಮನೆ ಬಿದ್ದಿದೆ. ಇದನ್ನು ಭಾಗಿಗೆ ಹೇಳಿರಲಿಲ್ಲ.

ಬಸ್ಸು ಬಂದ ಬೆಳಿಗ್ಗೆ ಜಡೆ ಹಾಕಿದೆ. ಅತ್ತೆಯ ಹಿತ್ತಾಳೆ ಡಬ್ಬಿಯಿಂದ ಬೆಲ್ಲದ ಒಂದು ಚೂರು ತೆಗೆದೆ. ಹೊಸ್ತಿಲಲ್ಲಿ ಅವಳ ಗಲ್ಲ ಸವರಿ, ಅಂಗೈ ಬಿಡಿಸಿ, ಅದರೊಳಗೆ ಇಟ್ಟೆ.

ಭಾಗಿ ಬೆಲ್ಲವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಮೆಲ್ಲಗೆ ಅದನ್ನು ನನ್ನ ಕೈಗೇ ತಿರುಗಿ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

"ಬ್ಯಾಡವ್ವಾ."

"ಯಾಕ ಬಂಗಾರಾ? ಊರಿಗೆ ಹೊಂಟವ್ರು ಬರೇ ಬಾಯಿಲೆ ಹೋಗಬಾರ್ದು. ಆಯಿ ಹೇಳಿದ್ದು ಮರತೇನು?"

"ಮರತಿಲ್ಲ. ನಾ ಎದ್ದ್ ಬಂದ್ರ ನೀ ನೀರ ಕುಡಿಯಂಗಿಲ್ಲ."

ಅಷ್ಟು ಹೇಳಿ ಬಸ್ಸು ಹತ್ತಿದಳು. ಕಿಟಕಿಯಿಂದ ಚಾಂದಬಿಯ ಮಕ್ಕಳು ಕೈ ಬೀಸಿದರು, ಇವಳು ಬೀಸಲಿಲ್ಲ, ಮುಂದೆ ನೋಡುತ್ತ ಕೂತಳು. ಮಲ್ಲೇಶಿ ಬಸ್ಸಿನ ಹಿಂದೆ ಓಣಿಯ ತಿರುವಿನವರೆಗೂ ಓಡಿದ.

ನಾನು ಕೆಲಸಕ್ಕೆ ಹೋಗಿ ಫಲಕದ ಮುಂದೆ ಕೂತೆ. ಹಾಸಿಗೆಗಳು ಒಂದೊಂದಾಗಿ ತಣಿಯತೊಡಗಿದವು. ಅವಳ ದೀಪ ಎಲ್ಲರದಕ್ಕಿಂತ ಬೇಗ ನೀಲಿಯಾಯಿತು, ಒಮ್ಮೆಯೂ ಮಿನುಗಲಿಲ್ಲ. ಮುಷ್ಟಿ ಬಿಚ್ಚಿದೆ. ಬೆಲ್ಲ ಬೆವರಿನಲ್ಲಿ ಕರಗಿ ಅಂಗೈಗೆಲ್ಲ ಅಂಟಿತ್ತು. ತೊಳೆದುಕೊಳ್ಳೋಣವೆಂದು ಎದ್ದೆ, ಕೇಂದ್ರದ ನಲ್ಲಿಗೂ ಅದೇ ಲೆಕ್ಕ, ಅವತ್ತಿನ ನನ್ನ ನೀರು ಮುಗಿದಿತ್ತು.